ಡಿಗ್ರಿಯೋ, ರೇಡಿಯನ್ನೋ?

(ವಸ್ತಾರೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಸಾರಾಂಶ)



ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಪಡೆದಿದ್ದ ಹುಡುಗನೊಬ್ಬ ಪಿಯುಸಿ ಸೇರಿದ ಎರಡೇ ತಿಂಗಳಿಗೆ ನನ್ನ ಬಳಿ ಬಂದು, "ಸರ್, ಸೈನ್ಸ್ ಬಿಟ್ಟುಬಿಡ್ತೇನೆ" ಎಂದ. ತಂದೆ ಕಾಫಿ ತೋಟದಲ್ಲಿ ರೈಟರು. ಮಗ ಇಂಜಿನಿಯರ್ ಆಗಲೆಂಬುದು ಅವರ ಆಸೆ. ಹುಡುಗನ ನೋಟ್ ಪುಸ್ತಕ ನೋಡಿದೆ. ಸೂತ್ರಗಳೆಲ್ಲ ಸರಿಯಿದ್ದವು. ಒಂದೇ ಲೆಕ್ಕದಲ್ಲಿ ಡಿಗ್ರಿಯನ್ನೂ ರೇಡಿಯನ್ನನ್ನೂ ಬೆರೆಸಿದ್ದೇ ತಪ್ಪು.

ಮೂರು ಮೂಟೆಗೆ 20 ಕಿಲೋ ಕೂಡಿಸಿ 23 ಎನ್ನುತ್ತೇವೆಯೇ? 50 ಕಿಲೋ ಮೂಟೆಯಾದರೆ 170 ಕಿಲೋ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ. ಪೈ ರೇಡಿಯನ್ ಎಂದರೆ 180 ಡಿಗ್ರಿ. ಮೊದಲು ಒಂದೇ ಅಳತೆಗೆ ತನ್ನಿ, ನಂತರ ಸಮೀಕರಣ ಬಿಡಿಸಿ.

ತ್ರಿಜ್ಯದಷ್ಟೇ ಉದ್ದದ ದಾರವನ್ನು ಪರಿಧಿಯ ಮೇಲೆ ಇಟ್ಟರೆ ಕೇಂದ್ರದಲ್ಲಿ ಏರ್ಪಡುವ ಕೋನವೇ 1 ರೇಡಿಯನ್, ಸುಮಾರು 57.3 ಡಿಗ್ರಿ. ಈ ಹೆಸರು ಅಚ್ಚಾದದ್ದು 1873ರಲ್ಲಿ, ಬೆಲ್‌ಫಾಸ್ಟಿನ ಜೇಮ್ಸ್ ಥಾಮ್ಸನ್ ಅವರ ಪ್ರಶ್ನೆಪತ್ರಿಕೆಯಲ್ಲಿ. ಆದರೆ ವಿಚಾರ ಹಳೆಯದು. ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ತ್ರಿಜ್ಯ 3438 ಕಲೆಗಳು. 60 ಕಲೆಗೆ ಒಂದು ಡಿಗ್ರಿಯಂತೆ ಭಾಗಿಸಿ ನೋಡಿ, 57.3 ಬರುತ್ತದೆ! ಆ ಜ್ಯಾ ಅರಬ್ಬಿಯಲ್ಲಿ ಜೈಬ್ ಆಗಿ, ಲ್ಯಾಟಿನ್ನಿಗೆ ಹೋಗಿ, ಸೈನ್ ಎಂಬ ಹೆಸರಿನಲ್ಲಿ ನಮ್ಮ ಪುಸ್ತಕಕ್ಕೆ ಮರಳಿದೆ.

ಆ ಹುಡುಗನಿಗೆ ಒಂದು ಲೆಕ್ಕ ಕೊಟ್ಟೆ. ಡಿಗ್ರಿ ಎಂದು ಓದಿದರೂ ರೇಡಿಯನ್ ಎಂದು ಓದಿದರೂ ಸೈನ್ ಒಂದೇ ಬರುವ ಅತಿ ಚಿಕ್ಕ ಧನ ಸಂಖ್ಯೆ ಯಾವುದು? ಸಂಖ್ಯೆ 'ಕ' ಇರಲಿ. ಕ ಡಿಗ್ರಿ ಎಂದರೆ (ಪೈ × ಕ ÷ 180) ರೇಡಿಯನ್. ಬೇರೆ ಬೇರೆ ಎರಡು ಕೋನಗಳ ಸೈನ್ ಒಂದೇ ಆಗಬೇಕಾದರೆ ಅವುಗಳ ಮೊತ್ತ ಪೈಯ ಬೆಸ ಗುಣಕವಾಗಿರಬೇಕು, ಇಲ್ಲವೇ ವ್ಯತ್ಯಾಸ ಪೈಯ ಸಮ ಗುಣಕವಾಗಿರಬೇಕು. ಮೊತ್ತ ಪೈ ಎಂದಿಟ್ಟರೆ

ಕ = 180 × ಪೈ ÷ (180 + ಪೈ), ಸುಮಾರು 3.088.

ವ್ಯತ್ಯಾಸ 2 ಪೈ ಎಂದಿಟ್ಟರೆ ಸುಮಾರು 6.395. ಉಳಿದವೆಲ್ಲ ಇನ್ನೂ ದೊಡ್ಡವು. ಹಾಗಾಗಿ ಉತ್ತರ 3.088.

ಮಾರನೆಯ ದಿನ ಆತ ಎರಡೂ ಉತ್ತರಗಳನ್ನು ಬರೆದು ತಂದ. ಸೈನ್ಸ್ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಪೋಷಕರಲ್ಲಿ, ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಪಿಯುಸಿಯ ಮೊದಲ ಎರಡು ತಿಂಗಳು ಮಕ್ಕಳ ಕೈ ಬಿಡಬೇಡಿ. ದಡ್ಡನೆಂದು ತೀರ್ಮಾನಿಸುವ ಮೊದಲು ನೋಟ್ ಪುಸ್ತಕ ತೆರೆಸಿ ನೋಡಿ. ತಪ್ಪು ಬಹಳ ಸಣ್ಣದಿರಬಹುದು.