ಮನೆಯ ಹಗೇವು, ಮಠದ ಪಂಕ್ತಿ



ಮಠದ ಮಹೋತ್ಸವದ ಸಭೆಯಲ್ಲಿ ತತ್ತ್ವವಿಚಾರವೂ ಪುರಾಣಪ್ರವಚನವೂ ನಡೆಯುವದು ವಾಡಿಕೆ. ಅಡಿಗೆಮನೆಯ ಮಾತು ಇಂಥ ಪೀಠದ ಮುಂದೆ ಬರುವದು ಅಪರೂಪ. ಆದರೆ ದಾಸೋಹವು ಮೊದಲಾಗುವದು ಮಠದ ಒಲೆಯ ಮೇಲಲ್ಲ, ಭಕ್ತರ ಮನೆಯ ಕಾಳಿನ ಸಂಗ್ರಹದಲ್ಲಿ. ಮನೆಯಲ್ಲಿ ಕಾಳು ಕೆಟ್ಟರೆ ಮಠದ ಕೊಪ್ಪರಿಗೆಯೂ ಬರಿದಾಗುವದು. ಮನೆಯ ಊಟವು ಸತ್ವಹೀನವಾದರೆ ಕಾಯಕ ಮಾಡುವ ಕೈಯೂ ಸೋಲುವದು. ಆದಕಾರಣ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಒಕ್ಕಲು ಮನೆತನಗಳು ಏನನ್ನು ಉಣ್ಣುತ್ತ ಬಂದಿರುವವು, ಯಾವದನ್ನು ಹೇಗೆ ಕಾದಿಡುತ್ತ ಬಂದಿರುವವು, ಅದರೊಳಗೆ ಉಳಿಸತಕ್ಕದ್ದೆಷ್ಟು, ಬಿಡತಕ್ಕದ್ದೆಷ್ಟು ಎಂಬ ವಿಚಾರವು ಈ ಪ್ರಸಂಗಕ್ಕೆ ಹೊರತಾದುದಲ್ಲ.

ಈ ಸೀಮೆಯು ಬಹುಮಟ್ಟಿಗೆ ಎರೆಯ ನಾಡು. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಗೋದಿ. ಗಜೇಂದ್ರಗಡದ ಗುಡ್ಡದ ಸೆರಗಿನ ಮಸಾರಿ ಹೊಲಗಳಲ್ಲಿ ಸಜ್ಜೆಯೂ ಬರುವದು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಆಣೆಕಟ್ಟಾಗಿ ಕಾಲುವೆ ಹರಿದ ಮೇಲೆ ನರಗುಂದದ ಕಡೆಗೆ ಗೋವಿನಜೋಳ, ಹತ್ತಿಗಳು ಹಬ್ಬಿದವು. ಅದೇ ಕಾಲುವೆಯ ಕರದ ಸಲುವಾಗಿ 1980ರ ಜುಲೈ ತಿಂಗಳಲ್ಲಿ ನರಗುಂದದಲ್ಲಿ ನಡೆದ ರೈತರ ಬಂಡಾಯವನ್ನು ಬಲ್ಲವರು ಸಭೆಯಲ್ಲಿ ಅನೇಕರಿರಬಹುದು. ನೀರು ಬಂದುದು ಒಳ್ಳೆಯದೇ; ಆದರೆ ಮಾರುವ ಬೆಳೆ ಹೆಚ್ಚಿದಂತೆ ಉಣ್ಣುವ ಬೆಳೆ ಹೊಲದ ಮೂಲೆಗೆ ಸರಿದುದನ್ನೂ ಮರೆಯುವ ಹಾಗಿಲ್ಲ.

ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನಂತೆ ಜಿಗುಟಿಲ್ಲ. ಆದದ್ದರಿಂದಲೇ ಅದಕ್ಕೆ ಕುದಿಯುವ ಎಸರು ಬೇಕು, ನಾದುವ ಕೈ ಬೇಕು, ಲಟ್ಟಿಸದೆ ಬಡಿಯುವ ಜಾಣ್ಮೆ ಬೇಕು. ಬಿಸಿಯಿದ್ದಾಗ ಮೆತ್ತಗೆ ಉಬ್ಬುವ ಆ ರೊಟ್ಟಿಯನ್ನೇ ಒಲೆಯ ಬದಿಯಲ್ಲಿ ನಿಲ್ಲಿಸಿ ಒಣಗಿಸಿದರೆ ಕಟಕರೊಟ್ಟಿಯಾಗುವದು. ನೀರಿನಂಶ ಹೋದಲ್ಲಿ ಬೂಷ್ಟು ಹಿಡಿಯಲಾರದು. ಅದರಿಂದ ಆ ರೊಟ್ಟಿಯು ವಾರಗಟ್ಟಲೆ ಕೆಡದೆ ಇರುವದು. ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿ ಒಣಗಿಸುವದೂ ಹೀಗೆಯೇ. ಸಜ್ಜೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅದರಲ್ಲಿ ಜಿಡ್ಡು ಜೋಳದ ಮೂರು ಪಾಲಿನಷ್ಟು ಇರುವದರಿಂದ ಬೀಸಿದ ಹಿಟ್ಟು ಕೆಲವೇ ದಿನಗಳಲ್ಲಿ ಕಮಟಾಗಿ ಕಹಿಯಾಗುವದು. ಹಿಟ್ಟಿನ ಗಿರಣಿಗೆ ಸಜ್ಜೆಯನ್ನು ಚೀಲದಿಂದ ಕಳಿಸದೆ ಸೇರಿನಿಂದ ಕಳಿಸುತ್ತಿದ್ದ ಮುದುಕಿಯರ ಲೆಕ್ಕ ಜಿಪುಣತನದ್ದಲ್ಲ.

ಕಟಕರೊಟ್ಟಿಯ ಮಹಿಮೆಯನ್ನು ಕಾಣಬೇಕಾದರೆ ನರಗುಂದ ತಾಲೂಕಿನ ಶಿರೋಳದ ರೊಟ್ಟಿ ಜಾತ್ರೆಗೆ ಹೋಗಬೇಕು. ಮುಂಡರಗಿ ತಾಲೂಕಿನ ಡಂಬಳದಲ್ಲಿಯೂ ಇಂಥದೇ ಜಾತ್ರೆ ನಡೆಯುವದು. ಎರಡೂ ತೋಂಟದಾರ್ಯ ಮಠದ ಜಾತ್ರೆಗಳು. ಅನೇಕ ದಿನ ಮೊದಲೇ ಮನೆಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳವೇಳುವದು. ಜಾತಿಪಂಗಡಗಳ ಭೇದವಿಲ್ಲದೆ ಬಂದ ರೊಟ್ಟಿಗಳು ಒಂದೆಡೆ ಬಣವೆಯಂತೆ ಕೂಡುವವು. ಜನರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರು. ಆ ರೊಟ್ಟಿಗೆ ಜೊತೆಯಾಗಿ ಬರುವದು ಕರಿಂಡಿ.

ಕರಿಂಡಿಯ ಕುರಿತು ಒಂದೆರಡು ಮಾತು ಹೆಚ್ಚು ಹೇಳಿದರೆ ತಪ್ಪಾಗದು; ಏಕೆಂದರೆ ಈ ಸೀಮೆಯ ಹೊರಗೆ ಅದನ್ನು ಬಲ್ಲವರು ಕಡಿಮೆ, ಒಳಗೂ ಕಡಿಮೆಯಾಗುತ್ತಿದ್ದಾರೆ. ಹಸಿಮೆಣಸಿನಕಾಯಿಯನ್ನೂ ಅಗಸಿಯನ್ನೂ ಉಪ್ಪಿನೊಡನೆ ಅರೆದು, ಸೌತಿಕಾಯಿ, ಗಜ್ಜರಿ ಮುಂತಾದವುಗಳ ಹೋಳು ಕೂಡಿಸಿ, ಗಡಿಗೆಯಲ್ಲಿಟ್ಟು, ಬಾಯಿಗೆ ಅರಿವೆ ಕಟ್ಟಿ, ಕೆಲವು ದಿನ ಮುಟ್ಟದೆ ಬಿಡುವರು. ಕೂಡಿಸುವ ಸಾಮಾನು ಮನೆಯಿಂದ ಮನೆಗೆ ಬೇರೆ. ಗಡಿಗೆಯೊಳಗೆ ನಡೆಯುವ ಕೆಲಸ ಮಾತ್ರ ಎಲ್ಲೆಡೆಗೂ ಒಂದೇ. ಮೊಸರಿನಲ್ಲಿರುವ ಜಾತಿಯ ಸೂಕ್ಷ್ಮ ಜೀವಿಗಳು ಕಾಯಿಪಲ್ಯದ ಸಕ್ಕರೆಯನ್ನು ತಿಂದು ಹುಳಿಯನ್ನು ಹುಟ್ಟಿಸುವವು. ಆ ಹುಳಿಯೂ ಉಪ್ಪೂ ಕೂಡಿ ಕೊಳೆಯಿಸುವ ಜೀವಿಗಳನ್ನು ದೂರವಿಡುವವು. ಒಣಗಿಸುವದು ನೀರನ್ನು ತೆಗೆದು ಕಾಯುವ ಮಾರ್ಗವಾದರೆ ಇದು ಹುಳಿಯನ್ನು ಬರಿಸಿ ಕಾಯುವ ಮಾರ್ಗ. ಹಸಿ ಕೈ, ಎಂಜಲು ಸವಟು, ಮೇಲೆ ಉಪ್ಪುನೀರು ಬಾರದೆ ಬತ್ತಿದ ಹೋಳು ಇವೇ ಕರಿಂಡಿಯ ಶತ್ರುಗಳು. ವಾಸನೆ ಕೆಟ್ಟರೆ, ಬೂಷ್ಟು ಕಂಡರೆ, ಗಡಿಗೆಯನ್ನೇ ಚೆಲ್ಲತಕ್ಕದ್ದು. ಮೇಲಿನದನ್ನು ಕೆರೆದು ಕೆಳಗಿನದನ್ನು ಉಣ್ಣುವ ಉಳಿತಾಯ ದುಬಾರಿಯಾದೀತು.

ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹೃದಯಕ್ಕೆ ಹಿತವೆಂದು ವೈದ್ಯರು ಹೊಗಳುವ ಒಮೆಗಾ-3 ಜಾತಿಯ ಕೊಬ್ಬು. ಮೀನನ್ನು ಮುಟ್ಟದ ಮನೆಗಳಿಗೆ ಇದು ದೊಡ್ಡ ಆಸ್ತಿ. ಆದರೆ ಇಡಿಯ ಕಾಳನ್ನು ನುಂಗಿದರೆ ಅದು ಬಂದಂತೆಯೇ ಹೊರಟುಹೋಗುವದು. ಹುರಿದು ಕುಟ್ಟಿ ಅಗಸಿಯ ಹಿಂಡಿ ಮಾಡುವ ಪದ್ಧತಿಯು ಈ ಮಾತನ್ನು ಯಾವ ಪ್ರಯೋಗಾಲಯವನ್ನೂ ಕೇಳದೆ ತಿಳಿದಿತ್ತು. ಕುಟ್ಟಿದ ಮೇಲೆ ಬೇಗ ಖರ್ಚು ಮಾಡಬೇಕೆಂಬುದೂ ಅದರ ಜೊತೆಗಿನ ಮಾತೇ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳಿಗೂ ಇದೇ ನಿಯಮ.

ಇನ್ನು ಹಗೇವು. ಹಗೇವಿಲ್ಲದ ಒಕ್ಕಲುತನವೇ ಇಲ್ಲವೆಂಬ ಕಾಲವೊಂದಿತ್ತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದು, ಹೊಟ್ಟೆ ಹಿರಿದು ಆಗುವಂತೆ ತೋಡಿ, ಒಳಗೆ ಬೆಂಕಿಯಿಂದ ಒಣಗಿಸಿ, ಸೆಗಣಿ ಬಳಿದು, ಹುಲ್ಲುಹೊಟ್ಟುಗಳ ಒಳಪದರು ಮಾಡಿ ಜೋಳ ತುಂಬುವರು. ಮೇಲೆ ಕಲ್ಲು, ಮಣ್ಣು. ಒಳಗಿನ ಕಾಳೂ ಹುಳವೂ ಉಸಿರಾಡಿ ಪ್ರಾಣವಾಯುವು ತೀರುವದು, ಅಂಗಾರವಾಯುವು ತುಂಬುವದು, ಹುಳಗಳು ಸಾಯುವವು. ಹಲವು ವರುಷ ಕಾಳು ಉಳಿಯುವ ಗುಟ್ಟು ಇಷ್ಟೇ. ಗೋಡೆಗೆ ತಾಗಿದ ಕಾಳು ಮುಗ್ಗಾಗಿ ಕಂದುವದು. ಮೊಳಕೆಯ ಶಕ್ತಿ ಕುಂದುವದರಿಂದ ಬಿತ್ತುವ ಬೀಜವನ್ನು ಬೂದಿ ಕಲಿಸಿ ಗಡಿಗೆಗಳಲ್ಲಿ ಬೇರೆಯಾಗಿಯೇ ಇಡುವರು. ಹುಳವನ್ನು ಕೊಲ್ಲುವ ಆ ವಾಯುವೇ ಮನುಷ್ಯನನ್ನೂ ಕೊಲ್ಲುವದು. ಬಾಯಿ ತೆರೆದ ಕೂಡಲೇ ಇಳಿದವರು ಮೇಲೆ ಬಾರದ, ಅವರನ್ನು ಎತ್ತಲು ಇಳಿದವರೂ ಅಲ್ಲಿಯೇ ಉಳಿದ ದುಃಖದ ಸಂಗತಿಗಳನ್ನು ಈ ನಾಡು ಕಂಡಿದೆ. ಬಾಯಿ ತೆರೆದು ಒಂದು ದಿನವಾದರೂ ಬಿಟ್ಟು, ದೀಪವಿಳಿಸಿ ನೋಡಿ, ಅದು ನಂದಿದರೆ ಇಳಿಯದಿರುವ ಹಿರಿಯರ ಕಟ್ಟು ಮೂಢನಂಬಿಕೆಯಲ್ಲ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಲ್ಲದೆ ಇಳಿಯತಕ್ಕದ್ದಲ್ಲ. ಇಂದು ಹಗೇವುಗಳು ಬಹುತೇಕ ಮುಚ್ಚಿವೆ. ಉಳಿದ ಒಂದೆರಡರ ಅಪಾಯವು ರೂಢಿ ತಪ್ಪಿದ ಕಾರಣದಿಂದಲೇ ಹೆಚ್ಚು.

ಹಗೇವಿಗೂ ಮಿತಿಯಿತ್ತು. 1876–78ರ ಬರಗಾಲವು ಮುಂಬಯಿ ಇಲಾಖೆಯ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಹಣ್ಣುಮಾಡಿದಾಗ ಹಗೇವಿದ್ದವರು ಕೆಲದಿನ ತಾಳಿದರು. ಹಗೇವೇ ಇಲ್ಲದ ಕೂಲಿಕಾರರಿಗೆ ಆ ವಿದ್ಯೆಯಿಂದೇನು ಫಲ? ಹಿಂದಿನ ಊಟವನ್ನು ಹೊಗಳುವವರು ಹಿಂದಿನ ಹಸಿವನ್ನೂ ನೆನೆಯಬೇಕು. 2013ರ ಜುಲೈ ತಿಂಗಳಲ್ಲಿ ಪ್ರಾರಂಭವಾದ ಅನ್ನಭಾಗ್ಯದ ಅಕ್ಕಿಯು ಬಡವರ ಮನೆಯ ಒಲೆಯನ್ನು ಉರಿಸಿದುದು ಸಣ್ಣ ಉಪಕಾರವಲ್ಲ. ದೂರುವದಾದರೆ ಅಕ್ಕಿಯನ್ನಲ್ಲ, ಅಕ್ಕಿಯೊಂದೇ ಊಟವೆಂಬಂತೆ ಬೇಳೆಯನ್ನೂ ಸೊಪ್ಪನ್ನೂ ತಟ್ಟೆಯಿಂದ ಕಳೆದ ಅಸಡ್ಡೆಯನ್ನು ದೂರಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ನೋಡಿದರೆ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಸುಮಾರು 10 ಗ್ರಾಂ ನಾರು, ಸುಮಾರು 4 ಮಿಲಿಗ್ರಾಂ ಕಬ್ಬಿಣ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸಸಾರಜನಕ ಸುಮಾರು 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಮಿಗೂ ಕಡಿಮೆ. ಸಜ್ಜೆಯ ಕಬ್ಬಿಣ 6 ಮಿಲಿಗ್ರಾಮನ್ನು ಮೀರುವದು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಅಂಗಡಿಗಳಲ್ಲಿ ಜೋಳಕ್ಕೆ ಹೊಸ ಮರ್ಯಾದೆ ಬಂದಿದೆ.

ಆದರೂ ಜೋಳವನ್ನೇ ದೇವರನ್ನಾಗಿ ಮಾಡಬಾರದು. ಬೇರಾವ ಆಹಾರವೂ ಇಲ್ಲದೆ ಜೋಳವೊಂದನ್ನೇ ಉಣ್ಣುತ್ತಿದ್ದ ತೆಲಂಗಾಣದ ಬಡವರಲ್ಲಿ ಪೆಲಾಗ್ರಾ ರೋಗವು ಕಂಡಿತ್ತು. ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವದು, ಭೇದಿಯಾಗುವದು, ಬುದ್ಧಿ ಮಂಕಾಗುವದು. ನಿಯಾಸಿನ್ ಎಂಬ ಜೀವಸತ್ವದ ಕೊರತೆಯೇ ಈ ರೋಗ. ಡಾಕ್ಟರ್ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ಸಂಶೋಧಕರು 1960ರಲ್ಲಿ ಜೋಳದೊಳಗಿನ ಲ್ಯೂಸಿನ್ ಅಂಶದ ಕಡೆಗೆ ಬೆರಳು ತೋರಿಸಿದರು. ಆ ವಿವರಣೆಯ ಬಗೆಗೆ ಪಂಡಿತರಲ್ಲಿ ಮುಂದೆ ಭಿನ್ನಾಭಿಪ್ರಾಯಗಳು ಹುಟ್ಟಿದವು. ವಾದ ಏನೇ ಇರಲಿ, ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಮಜ್ಜಿಗೆ ಇರುವ ಮನೆಗೆ ಆ ಭಯವಿಲ್ಲ. ರೊಟ್ಟಿ–ಝುಣಕದ ಜೋಡಿ ನಾಲಗೆಗಾಗಿ ಮಾತ್ರ ಆದುದಲ್ಲ. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಕಡಲೆಯಲ್ಲಿ ಸಾಕಷ್ಟಿದೆ.

ಕಬ್ಬಿಣದ ಮಾತೂ ಹಾಗೆಯೇ. ಕಾಳಿನಲ್ಲಿದ್ದುದೆಲ್ಲ ರಕ್ತಕ್ಕೆ ಸೇರದು. ಹುಳಿಹಣ್ಣಿನ, ಹಸಿಸೊಪ್ಪಿನ ಜೀವಸತ್ವವು ಜೊತೆಗಿದ್ದರೆ ಹೆಚ್ಚು ಸೇರುವದು, ಊಟಕ್ಕೆ ಹತ್ತಿ ಚಹಾ ಕುಡಿದರೆ ಕಡಿಮೆ ಸೇರುವದು. ಹಕ್ಕರಿಕಿ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿಯ ತಪ್ಪಲ, ಮೂಲಂಗಿಗಳನ್ನು ರೊಟ್ಟಿಯ ಬದಿಗೆ ಹಸಿಯಾಗಿಯೇ ಇಟ್ಟು ತಿನ್ನುವ ಈ ಸೀಮೆಯ ರೂಢಿಯನ್ನು ಹೊರಗಿನವರು ನಕ್ಕದ್ದುಂಟು. ತೊಳೆದು ತಿಂದರೆ ಅದಕ್ಕಿಂತ ಅಗ್ಗದ ಔಷಧಿ ಯಾವ ಅಂಗಡಿಯಲ್ಲಿಯೂ ದೊರೆಯಲಾರದು. ಪೇಟೆಯ ಮಿರ್ಚಿ ಭಜಿಗೆ ಮಾತ್ರ ಈ ಪ್ರಶಸ್ತಿ ಸಲ್ಲದು; ಸಂತೆಯ ದಿನಕ್ಕೆ ಅದು ಸಾಕು.

ಸುಗ್ಗಿ ಮುಗಿದು ಬಿಸಿಲೇರಿದಾಗ ಮಾಳಿಗೆಗಳ ಮೇಲೆ ಹರಡುವ ಸಂಡಿಗೆ, ಹಪ್ಪಳ, ಶಾವಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಇವುಗಳನ್ನು ವರ್ಣಿಸುತ್ತ ಕುಳಿತರೆ ಹೊತ್ತು ಸಾಲದು. ಒಂದು ಮಾತು ಸಾಕು: ಕಾದಿಡುವದಕ್ಕೆ ಬೇಕಾದ ಉಪ್ಪು ಉಣ್ಣುವದಕ್ಕೆ ಬೇಕಾದ ಉಪ್ಪಿಗಿಂತ ಬಹಳ ಹೆಚ್ಚು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವದು. ಉಪ್ಪಿನಕಾಯಿಯು ತಟ್ಟೆಯ ಅಂಚಿನಲ್ಲಿರಬೇಕಾದ ವಸ್ತು. ಪಲ್ಯವಿಲ್ಲದ ದಿನ ಅದೇ ಪಲ್ಯವಾದರೆ ರಕ್ತದೊತ್ತಡವುಳ್ಳವರಿಗೆ ಕೇಡು.

ಇಷ್ಟೆಲ್ಲ ತಿಳಿದೂ ಮನೆಯೊಳಗೆ ಒಂದು ದೊಡ್ಡ ಕುಂದು ಉಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರುಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಜೋಳವಿದೆ, ಸೊಪ್ಪಿದೆ, ಬೇಳೆಯಿದೆ; ಆದರೆ ಬಡಿಯುವವಳು ಒಲೆಯ ಮುಂದಿರುವಾಗ ಉಣ್ಣುವವರೆಲ್ಲ ಉಂಡು ಏಳುವರು. ಕಡೆಗೆ ಅವಳ ಪಾಲಿಗೆ ರೊಟ್ಟಿ ಉಳಿಯುವದು, ಪಲ್ಯದ ತಳ ಉಳಿಯುವದು. ರಕ್ತಹೀನತೆಗೆ ಬೇರೆ ಕಾರಣಗಳೂ ಇವೆ, ಅವಕ್ಕೆ ವೈದ್ಯರೇ ಬೇಕು, ಕಬ್ಬಿಣದ ಗುಳಿಗೆಯೂ ಬೇಕು. ಆದರೆ ಈ ಒಂದು ಕಾರಣಕ್ಕೆ ಮನೆಯವರೇ ವೈದ್ಯರು. ಮಠದ ಪಂಕ್ತಿಯಲ್ಲಿ ಮೇಲುಕೀಳಿಲ್ಲವೆಂದು ಹೆಮ್ಮೆಪಡುವ ಭಕ್ತನು ಮನೆಯ ಪಂಕ್ತಿಯಲ್ಲಿ ಹಿಂದುಮುಂದನ್ನು ಇಟ್ಟುಕೊಂಡಿರುವದು ಹೇಗೆ ಸರಿಯಾದೀತು? ಪಲ್ಯವನ್ನು ಬಡಿಸುವದಕ್ಕೆ ಮೊದಲೇ ಮನೆಯ ತಲೆಗಳನ್ನೆಣಿಸಿ ಪಾಲು ತೆಗೆದಿಟ್ಟರೆ ಯಾರಿಗೂ ಹೆಚ್ಚಿನ ಖರ್ಚಿಲ್ಲ. ಬಸುರಿ, ಬಾಣಂತಿಯರಿದ್ದಲ್ಲಂತೂ ಅವರ ಪಾಲೇ ಮೊದಲು.

ಬೀಸುವ ಕಲ್ಲು ಹೋಗಿ ಗಿರಣಿ ಬಂದುದಕ್ಕೆ ಕೆಲವರು ಮರುಗುವರು. ನಸುಕಿನಲ್ಲಿ ಎದ್ದು ಬೀಸಿದವರು ಮಾತ್ರ ಮರುಗಿದ್ದು ಕಡಿಮೆ. ಈಗ ಊರೂರುಗಳಲ್ಲಿ ಹೆಂಗಸರ ಸಂಘಗಳು ಕಟಕರೊಟ್ಟಿ ಮಾಡಿ ಪಟ್ಟಣಗಳಿಗೆ ಕಳಿಸುತ್ತಿವೆ. ಮನೆಯೊಳಗೆ ಲೆಕ್ಕಕ್ಕೆ ಬಾರದ ದುಡಿಮೆಗೆ ಹೊರಗೆ ಬೆಲೆ ಕಟ್ಟಿದಂತಾಗಿದೆ.

ಸೀಗೆಹುಣ್ಣಿವೆಗೂ ಎಳ್ಳಮಾಸಿಗೂ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಬುತ್ತಿಯನ್ನು ನೋಡಿರಿ. ಸಜ್ಜೆಯ ರೊಟ್ಟಿ, ಜೋಳದ ಕಡುಬು, ಶೇಂಗಾದ ಹೋಳಿಗೆ, ಪುಂಡಿಪಲ್ಯ, ಅಗಸಿಯ ಹಿಂಡಿ, ಗಡಿಗೆ ಮೊಸರು, ಎಲ್ಲವೂ ಮೊದಲೇ ಮಾಡಿಟ್ಟವು, ಎಲ್ಲವೂ ಹೊತ್ತು ತಾಳುವಂಥವು. ಒಲೆಯು ಮನೆಯಲ್ಲಿಯೇ ಉಳಿಯುವದು. ಬನ್ನಿಯ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿದಾಗ ಬಿಸಿ ರೊಟ್ಟಿಗಾಗಿ ಕರೆಯುವವರು ಯಾರೂ ಇಲ್ಲ; ಬುತ್ತಿ ಕಟ್ಟಿದವಳೂ ಗಂಡ, ಮಕ್ಕಳು, ಆಳು, ಬೀಗರ ನಡುವೆ ಕುಳಿತು, ಮೊದಲನೆಯ ತುತ್ತನ್ನು ಅವರೊಡನೆಯೇ ಮುರಿಯುವಳು.