ಒಂದೇ ಪಂಕ್ತಿ, ಬೇರೆ ತಟ್ಟೆ

(ಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪಂಕ್ತಿಭೇದ ಎಂಬ ಮಾತು ಕನ್ನಡದಲ್ಲಿ ಒಳ್ಳೆಯ ಅರ್ಥದಲ್ಲಿ ಬಳಕೆಯಾದದ್ದೇ ಇಲ್ಲ. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬರ ಎಲೆಗೆ ತುಪ್ಪ, ಪಕ್ಕದವರ ಎಲೆಗೆ ಬರೀ ಸಾರು ಬಿದ್ದರೆ ಅದು ಬಡಿಸಿದವರಿಗೂ ಶ್ರೇಯಸ್ಸಲ್ಲ, ಉಂಡವರಿಗೂ ಶ್ರೇಯಸ್ಸಲ್ಲ ಎಂಬುದು ಹಿರಿಯರ ತಿಳಿವಳಿಕೆ. ಜಾತಿ ನೋಡಿ ಸಾಲನ್ನೇ ಬೇರೆ ಮಾಡಿದ ಕಹಿ ಚರಿತ್ರೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಶಾಲೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಕುಳಿತು ಒಂದೇ ಊಟ ಮಾಡುವುದಕ್ಕೆ ಇಷ್ಟೊಂದು ಬೆಲೆ ಬಂದಿರುವುದು ಅದರಿಂದಲೇ. ಆದರೆ ಎಲ್ಲರಿಗೂ ಒಂದೇ ಊಟ ಎಂಬ ಈ ಒಳ್ಳೆಯ ನಿಯಮವೇ ಒಂದು ಮಗುವಿನ ಪ್ರಾಣಕ್ಕೆ ಎರವಾದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ತೀರ ಕಠಿಣವಾಗಿ ಎದುರಿಸಬೇಕಾಗಿ ಬಂದ ದೇಶ ಜಪಾನ್.

ಜಪಾನಿನಲ್ಲಿ ಶಾಲೆಯ ಊಟಕ್ಕೆ ‘ಕ್ಯೂಶೊಕು’ ಎಂದು ಹೆಸರು. 1889ರಲ್ಲಿ ಯಮಗಾತ ಪ್ರಾಂತದ ತ್ಸುರುವೊಕ ಎಂಬ ಊರಿನಲ್ಲಿ, ಬೌದ್ಧ ದೇವಾಲಯವೊಂದರಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ, ಬುತ್ತಿ ತರಲಾರದ ಬಡ ಮಕ್ಕಳಿಗೆ ಅನ್ನದ ಉಂಡೆ, ಸುಟ್ಟ ಮೀನು, ಉಪ್ಪಿನಕಾಯಿ ಕೊಟ್ಟದ್ದೇ ಇದರ ಆರಂಭ ಎನ್ನುತ್ತಾರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಸಿವಿನಿಂದ ಕಂಗೆಟ್ಟ ದೇಶದಲ್ಲಿ ಹೊರಗಿನಿಂದ ಬಂದ ಹಾಲಿನ ಪುಡಿಯನ್ನು ಕದಡಿ ಮಕ್ಕಳಿಗೆ ಕುಡಿಸಿದರು. 1954ರಲ್ಲಿ ಶಾಲಾ ಊಟಕ್ಕೆಂದೇ ಕಾಯಿದೆ ಬಂತು. ಅಂದಿನಿಂದ ಅದು ಹೊಟ್ಟೆ ತುಂಬಿಸುವ ವ್ಯವಸ್ಥೆ ಮಾತ್ರವಾಗಿ ಉಳಿಯದೆ, ಶಿಕ್ಷಣದ ಭಾಗವೇ ಆಯಿತು. ಸರದಿಯ ಮಕ್ಕಳು ಬಿಳಿಯ ಮೇಲಂಗಿ, ಟೋಪಿ ತೊಟ್ಟು ಪಾತ್ರೆಗಳನ್ನು ತರಗತಿಗೆ ಹೊತ್ತು ತರುತ್ತಾರೆ, ತಾವೇ ಬಡಿಸುತ್ತಾರೆ. ಗುರುಗಳೂ ಅಲ್ಲೇ, ಅದೇ ಊಟವನ್ನೇ ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ವಂದನೆಯ ಮಾತು ಹೇಳಿ ತಿನ್ನಲು ತೊಡಗುತ್ತಾರೆ. ಅನ್ನ ಬಿಡಬಾರದು ಎಂಬುದು ಅಲ್ಲಿಯೂ ನಮ್ಮಲ್ಲಿಯಷ್ಟೇ ಗಟ್ಟಿಯಾದ ಸಂಸ್ಕಾರ.

2012ರ ಡಿಸೆಂಬರ್ 20ರಂದು ಟೋಕಿಯೊ ಮಹಾನಗರದ ಚೋಫು ಎಂಬಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಆಲೂಗಡ್ಡೆ ಹಾಕಿ ಮಾಡಿದ, ದೋಸೆಯಂಥ ಒಂದು ಕೊರಿಯನ್ ತಿಂಡಿ ಊಟಕ್ಕಿತ್ತು. ಅದರ ಹಿಟ್ಟಿಗೆ ಚೀಸಿನ ಪುಡಿ ಬೆರೆಸಿದ್ದರು. ಐದನೆಯ ತರಗತಿಯ, ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಹಾಲಿನ ತೀವ್ರ ಅಲರ್ಜಿ. ಅಡುಗೆಯವರಿಗೆ ಅದು ಗೊತ್ತಿತ್ತು. ಅವಳಿಗಾಗಿ ಚೀಸ್ ಇಲ್ಲದ್ದನ್ನು ಬೇರೆಯಾಗಿ ಮಾಡಿ, ಬೇರೆಯ ತಟ್ಟೆಯಲ್ಲಿಯೇ ಕೊಟ್ಟರು. ಅವಳು ತಿಂದಳು, ಏನೂ ಆಗಲಿಲ್ಲ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಆ ತರಗತಿಯಲ್ಲಿ ಊಟವನ್ನು ಒಂದಿಷ್ಟೂ ಉಳಿಸದೆ ಮುಗಿಸಬೇಕೆಂಬ ಗುರಿ ಇಟ್ಟುಕೊಂಡಿದ್ದರು. ಪಾತ್ರೆಯಲ್ಲಿ ಇನ್ನೂ ಇದೆ, ಯಾರಿಗೆ ಬೇಕು ಎಂದು ಗುರುಗಳು ಕೇಳಿದಾಗ ಈ ಹುಡುಗಿಯೂ ಮುಂದೆ ಬಂದಳು. ತಿನ್ನಬಹುದೇ ಎಂದು ಅವರು ವಿಚಾರಿಸಿದರು. ಮನೆಯಿಂದ ತಂದಿದ್ದ ಪಟ್ಟಿಯನ್ನು ಅವಳು ತೋರಿಸಿದಳು. ತಿನ್ನಬಾರದ್ದಕ್ಕೆ ಅದರಲ್ಲಿ ಬಣ್ಣದ ಗೆರೆ ಎಳೆದಿರುತ್ತಿತ್ತು; ಈ ತಿಂಡಿಗೆ ಗೆರೆ ಇರಲಿಲ್ಲ. ಶಾಲೆಯೇ ಸಿದ್ಧಪಡಿಸಿದ ಇನ್ನೊಂದು ಪಟ್ಟಿ ಗುರುಗಳ ಬಳಿ ಇತ್ತು. ಅದನ್ನು ಅವರು ತೆಗೆದು ನೋಡಲಿಲ್ಲ. ಎರಡನೆಯ ಸಲ ಬಡಿಸಿದ್ದು ಎಲ್ಲರ ಪಾತ್ರೆಯದು. ಊಟವಾದ ಸ್ವಲ್ಪ ಹೊತ್ತಿಗೆ ಅವಳಿಗೆ ಉಸಿರು ಕಟ್ಟತೊಡಗಿತು. ಅವಳ ಔಷಧದ ಪೆನ್ನು ಶಾಲೆಯಲ್ಲೇ ಇತ್ತು. ಗುರುಗಳು ಅದನ್ನು ಕೈಗೆತ್ತಿಕೊಂಡು ಚುಚ್ಚಲೇ ಎಂದೂ ಕೇಳಿದರು. ಹುಡುಗಿ ಬೇಡ ಎಂದಳು. ಕಡೆಗೆ ಮುಖ್ಯೋಪಾಧ್ಯಾಯರು ಬಂದು ಚುಚ್ಚುವ ಹೊತ್ತಿಗೆ ಹತ್ತು ನಿಮಿಷಕ್ಕೂ ಹೆಚ್ಚು ಕಳೆದಿತ್ತು. ಮಗು ಉಳಿಯಲಿಲ್ಲ.

ಈ ಪ್ರಸಂಗದಲ್ಲಿ ದುಷ್ಟರು ಯಾರೂ ಇಲ್ಲ. ಅಡುಗೆಯವರು ಎಚ್ಚರವಾಗಿದ್ದರು, ತಾಯಿ ಪಟ್ಟಿ ಕೊಟ್ಟಿದ್ದರು, ಗುರುಗಳು ಕೇಳಿಯೇ ಬಡಿಸಿದರು. ಆದರೆ ಎರಡು ಸಲವೂ, ಬಡಿಸುವಾಗ ಮತ್ತು ಚುಚ್ಚುವಾಗ, ಕೊನೆಯ ತೀರ್ಮಾನ ಬಂದು ನಿಂತದ್ದು ಹನ್ನೊಂದು ವರ್ಷದ ಮಗುವಿನ ಮಾತಿನ ಮೇಲೆ. ತರಗತಿಗೆ ಒಳ್ಳೆಯದಾಗಲಿ ಎಂದು ಇನ್ನಷ್ಟು ತಿನ್ನಲು ಹೊರಟ ಮಗು ಅದು.

ಇಷ್ಟಕ್ಕೂ ಅಲರ್ಜಿ ಎಂದರೇನು? ‘ನನ್ನ ಮೈಗೆ ಒಗ್ಗುವುದಿಲ್ಲ’, ‘ಅದು ನಂಜು’ ಎಂಬ ಮಾತುಗಳು ಕನ್ನಡದ ಮನೆಗಳಲ್ಲಿ ಹಿಂದಿನಿಂದಲೂ ಇವೆ. ಬದನೆಕಾಯಿ ತಿಂದರೆ ತುರಿಕೆ, ಮೈಮೇಲೆಲ್ಲ ಗಂಧೆ ಏಳುವುದು ಅಜ್ಜಿಯರಿಗೆ ಹೊಸ ವಿಷಯವೇನಲ್ಲ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ವೈದ್ಯರ ಜೊತೆಗೂಡಿ ಬದನೆಕಾಯಿಯ ಅಲರ್ಜಿಯ ಮೇಲೆಯೇ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಆದರೆ ಒಗ್ಗದಿರುವುದೆಲ್ಲ ಅಲರ್ಜಿಯಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಜೀರ್ಣದ ತೊಂದರೆ, ಪ್ರಾಣಾಪಾಯವಿಲ್ಲ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಎಡವುತ್ತದೆ. ಮನೆಗೆ ಬಂದ ನೆಂಟನನ್ನು ಕಳ್ಳನೆಂದು ಬಗೆದು ಕಾವಲುಗಾರ ದೊಣ್ಣೆ ಎತ್ತಿದ ಹಾಗೆ, ಹಾಲಿನದೋ ಕಡಲೆಕಾಯಿಯದೋ ಪ್ರೋಟೀನನ್ನು ಶತ್ರುವೆಂದು ತಿಳಿದು ದೇಹ ದಾಳಿಗೆ ಇಳಿಯುತ್ತದೆ.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಟಂಕಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅದಕ್ಕೂ ಮೊದಲೇ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೊರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ ಕೆಲವು ವಾರಗಳ ಮೇಲೆ ಅತ್ಯಲ್ಪ ಪ್ರಮಾಣಕ್ಕೇ ಸತ್ತುಬಿದ್ದಿತು. ರೂಢಿಯಾದಂತೆ ತಾಳಿಕೆ ಹೆಚ್ಚಬೇಕಾದಲ್ಲಿ ಉಲ್ಟಾ ಆಗಿತ್ತು. 1902ರಲ್ಲಿ ಅದಕ್ಕೆ ‘ಅನಾಫಿಲ್ಯಾಕ್ಸಿಸ್’ ಎಂದು ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. 1921ರಲ್ಲಿ ಪ್ರಾಸ್‌ನಿಟ್ಜ್ ಎಂಬ ವೈದ್ಯ, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯೂಸ್ಟ್‌ನರನ ರಕ್ತದ ಸೀರಮ್ಮನ್ನು ತನ್ನ ಚರ್ಮಕ್ಕೇ ಚುಚ್ಚಿಸಿಕೊಂಡು, ಮಾರನೆಯ ದಿನ ಅಲ್ಲೇ ಮೀನಿನ ಸಾರವನ್ನು ಚುಚ್ಚಿಸಿಕೊಂಡ. ಅಷ್ಟು ಜಾಗ ಮಾತ್ರ ಊದಿಕೊಂಡಿತು. ತೊಂದರೆಯ ಮೂಲ ರಕ್ತದಲ್ಲಿದೆ ಎಂಬುದು ಹೀಗೆ ಗೊತ್ತಾಯಿತು. ಆ ವಸ್ತು ಐಜಿಇ ಎಂಬ ಪ್ರತಿಕಾಯ ಎಂದು ಖಚಿತವಾದದ್ದು 1960ರ ದಶಕದಲ್ಲಿ.

ಅನಾಫಿಲ್ಯಾಕ್ಸಿಸ್ ಆದಾಗ ಗಂಟಲು ಊದಬಹುದು, ಶ್ವಾಸನಾಳ ಬಿಗಿಯಬಹುದು, ರಕ್ತದೊತ್ತಡ ಕುಸಿಯಬಹುದು. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್, ತೊಡೆಯ ಸ್ನಾಯುವಿಗೆ. ವೈದ್ಯರಲ್ಲದವರೂ ಚುಚ್ಚಬಹುದಾದ ಪೆನ್ನಿನ ರೂಪದಲ್ಲಿ ಅದು ಅಮೆರಿಕದಲ್ಲಿ 1980ರ ದಶಕದಲ್ಲಿ ಬಂತು. ಇಲ್ಲಿ ನಿಮಿಷಗಳ ಲೆಕ್ಕ. ಅಮೆರಿಕದ ವೈದ್ಯ ಹ್ಯೂ ಸ್ಯಾಂಪ್ಸನ್ ಮತ್ತು ಸಂಗಡಿಗರು 1992ರಲ್ಲಿ ಹದಿಮೂರು ಮಕ್ಕಳ ಪ್ರಕರಣಗಳನ್ನು ಪರಿಶೀಲಿಸಿದರು. ಎಲ್ಲರಿಗೂ ತಮ್ಮ ಅಲರ್ಜಿ ಗೊತ್ತಿತ್ತು, ಎಲ್ಲರೂ ತಿಳಿಯದೆ ತಿಂದಿದ್ದರು. ಸತ್ತ ಆರು ಮಂದಿಯಲ್ಲಿ ಮೊದಲ ಒಂದು ಗಂಟೆಯೊಳಗೆ ಅಡ್ರಿನಲಿನ್ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಉಳಿದುಕೊಂಡ ಏಳು ಮಂದಿಯಲ್ಲಿ ಆರು ಮಂದಿಗೆ ಅರ್ಧ ಗಂಟೆಯೊಳಗೆ ಸಿಕ್ಕಿತ್ತು. ಆರು ಸಾವುಗಳಲ್ಲಿ ನಾಲ್ಕು ಶಾಲೆಯಲ್ಲಿ ಆದವು.

ಜಪಾನಿಗೆ ಚೋಫು ಮೊದಲ ಪೆಟ್ಟಾಗಿರಲಿಲ್ಲ. 1988ರಲ್ಲಿ ಸಪ್ಪೊರೊ ನಗರದ ಆರನೆಯ ತರಗತಿಯ ಹುಡುಗನೊಬ್ಬ ಶಾಲೆಯ ಊಟದಲ್ಲಿ ‘ಸೊಬ’ ತಿಂದ. ಅದು ಬಕ್‌ವ್ಹೀಟ್ ಎಂಬ ಧಾನ್ಯದ ಶಾವಿಗೆ. ಮೈ ಸರಿಯಿಲ್ಲ ಎಂದಾಗ ಅವನನ್ನು ಒಬ್ಬನನ್ನೇ ಮನೆಗೆ ಕಳುಹಿಸಿದರು, ದಾರಿಯಲ್ಲೇ ಸತ್ತ. 1992ರಲ್ಲಿ ನ್ಯಾಯಾಲಯ ಇದರಲ್ಲಿ ಶಾಲೆಯ ಕಡೆಯವರ ಹೊಣೆ ಇದೆ ಎಂದಿತು. ಆಮೇಲೆ ಸುಧಾರಣೆ ನಿಧಾನವಾಗಿ ಬಂತು. ಮಗುವಿನ ಪರವಾಗಿ ಪೆನ್ನನ್ನು ಶಿಕ್ಷಕರು ಚುಚ್ಚಿದರೆ ಕಾನೂನಿನ ತೊಡಕಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಿದ್ದು 2009ರಲ್ಲಿ. ಅನುಮತಿ ಇದ್ದರೂ ಕೈ ಹಿಂಜರಿಯುತ್ತದೆ ಎಂಬುದನ್ನು ಚೋಫು ತೋರಿಸಿತು.

2015ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಓದಲು ನೀರಸವಾದರೂ ವಿವೇಕದ ಬರಹ. ಅಲರ್ಜಿಯ ಪದಾರ್ಥವನ್ನು ‘ಇವನಿಗೆ ಸ್ವಲ್ಪ ಪರವಾಗಿಲ್ಲ, ಅವಳಿಗೆ ಬೇಯಿಸಿದರೆ ಪರವಾಗಿಲ್ಲ’ ಎಂದು ಹಂತ ಮಾಡಬೇಡಿ. ಕೊಡುವುದಾದರೆ ಕೊಡಿ, ಇಲ್ಲವಾದರೆ ಪೂರ್ತಿ ಬಿಡಿ. ಅಡುಗೆಮನೆಯ ಶಕ್ತಿಗೆ ಮೀರಿದ ಏರ್ಪಾಟು ಬೇಡ. ಸೊಬ ಮತ್ತು ಕಡಲೆಕಾಯಿಯನ್ನು ಶಾಲಾ ಊಟದಲ್ಲಿ ಬಳಸುವುದೇ ಬೇಡ. ಪ್ರತಿ ಮಗುವಿಗೂ ವೈದ್ಯರೇ ತುಂಬಿದ ನಮೂನೆ ಇರಲಿ. ಅನೇಕ ಕಡೆ ಬೇರೆ ಬಣ್ಣದ ತಟ್ಟೆ ಬಂದವು. ವಿಶೇಷ ಊಟದ ಮಗುವಿಗೆ ಆ ದಿನ ಎರಡನೆಯ ಸಲ ಬಡಿಸುವಂತಿಲ್ಲ ಎಂಬ ನಿಯಮವೂ ಬಂತು. ಹಸಿದ ಮಗುವಿಗೆ ಇದು ಬೇಸರದ ನಿಯಮವೇ. ಅದಕ್ಕೇ ಕೆಲವು ಊರುಗಳ ಅಡುಗೆಮನೆಗಳು ತಿಂಗಳಲ್ಲಿ ಕೆಲವು ದಿನ ಹಾಲು, ಮೊಟ್ಟೆ, ಗೋಧಿ ಯಾವುದೂ ಇಲ್ಲದ ಅಡುಗೆ ಮಾಡುತ್ತವೆ. ಆ ದಿನ ಎಲ್ಲರಿಗೂ ಒಂದೇ ಪಾತ್ರೆ.

ಬೇರೆ ದೇಶಗಳ ಹಾದಿ ಬೇರೆ. 2003ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಹದಿಮೂರರ ಹುಡುಗಿಯೊಬ್ಬಳು ಶಾಲೆಯ ಕ್ಯಾಂಟೀನಿನ ಆಲೂ ಫ್ರೈಸ್ ತಿಂದು ಸತ್ತಳು. ಹಾಲಿನ ಅಂಶ ಅದಕ್ಕೆ ತಗುಲಿತ್ತು, ಔಷಧದ ಪೆನ್ನು ಅವಳ ಬೀರುವಿನಲ್ಲಿತ್ತು. ಅವಳ ಹೆಸರಿನಲ್ಲೇ ‘ಸಬ್ರಿನಾ ಕಾನೂನು’ 2006ರಿಂದ ಜಾರಿಗೆ ಬಂದು, ಪ್ರತಿ ಶಾಲೆಯೂ ಸಿಬ್ಬಂದಿಗೆ ತರಬೇತಿ ಕೊಡುವುದು, ಇಂಥ ಪ್ರತಿ ಮಗುವಿಗೂ ಲಿಖಿತ ಯೋಜನೆ ಇಡುವುದು ಕಡ್ಡಾಯವಾಯಿತು. 2017ರಲ್ಲಿ ಲಂಡನ್ನಿನ ಶಾಲೆಯೊಂದರಲ್ಲಿ ಸಹಪಾಠಿಯೊಬ್ಬ ಹುಡುಗಾಟಕ್ಕೆ ಎಸೆದ ಚೀಸಿನ ಚೂರು ಮೈಗೆ ತಾಗಿ ಇನ್ನೊಬ್ಬ ಹದಿಮೂರರ ಹುಡುಗ ಸತ್ತ. ಶಾಲೆಯಲ್ಲಿದ್ದ ಅವನ ಪೆನ್ನಿನ ಅವಧಿ ಮುಗಿದಿತ್ತು ಎಂಬುದು ವಿಚಾರಣೆಯಲ್ಲಿ ಹೊರಬಂತು. ಹಾಗಾದರೆ ಕಡಲೆಕಾಯಿ, ಚೀಸ್ ಎಲ್ಲವನ್ನೂ ಶಾಲೆಯಿಂದ ನಿಷೇಧಿಸಿಬಿಟ್ಟರೆ ಹೇಗೆ? ಪೋಷಕರಿಗೆ ಮೊದಲು ತೋಚುವುದು ಇದೇ. ಆದರೆ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಶಾಲೆಗೆ ಶಾಲೆಯನ್ನೇ ಒಳಗೊಳ್ಳುವ ನಿಷೇಧದಿಂದ ಲಾಭ ಸಿದ್ಧವಾಗಿಲ್ಲ ಎಂದು, ತರಬೇತಿಗೂ ಶಾಲೆಯಲ್ಲೇ ಅಡ್ರಿನಲಿನ್ ಇಡುವುದಕ್ಕೂ ಒತ್ತು ಕೊಟ್ಟಿತು. ಫಲಕ ತೂಗುಹಾಕಿ ಮರೆಯುವುದು ಸುಲಭ, ಎಚ್ಚರವಾಗಿರುವುದು ಕಷ್ಟ.

ಇನ್ನು ಕರ್ನಾಟಕದ ಮಾತು. 2020ರಲ್ಲಿ ಪ್ರಕಟವಾದ, ಹಲವು ದೇಶಗಳ ಶಾಲಾಮಕ್ಕಳ ಅಧ್ಯಯನವೊಂದರಲ್ಲಿ ಭಾರತದ ಪಾಲಿಗೆ ಆರಿಸಿಕೊಂಡದ್ದು ಕರ್ನಾಟಕದ ಮಕ್ಕಳನ್ನೇ. ಆಹಾರದ ಅಲರ್ಜಿ ಹಾಂಗ್‌ಕಾಂಗಿನಲ್ಲಿ ನೂರಕ್ಕೆ 1.5ರಷ್ಟಿದ್ದರೆ ಇಲ್ಲಿ 0.14, ಎಂದರೆ ಸಾವಿರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಜಪಾನಿನಲ್ಲಿ ಶಾಲೆಗಳೇ ಕೊಟ್ಟ ಲೆಕ್ಕದಂತೆ 2022ರಲ್ಲಿ ನೂರಕ್ಕೆ 6.3. ಅಳೆದ ಬಗೆ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ತೂಗುವಂತಿಲ್ಲ. ಕರ್ನಾಟಕದ ವಯಸ್ಕರ ಅಧ್ಯಯನದಲ್ಲಿ ಇನ್ನೊಂದು ಪಾಠವಿದೆ. ಪರೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಯಾವುದೋ ಆಹಾರದ ಪ್ರತಿಕಾಯ ಕಂಡಿತು. ನಿಜವಾದ ಅಲರ್ಜಿ ಇದ್ದಿರಬಹುದಾದವರು ನೂರಕ್ಕೆ ಒಬ್ಬರಷ್ಟೇ. ಬರೀ ರಕ್ತಪರೀಕ್ಷೆಯ ಚೀಟಿ ನೋಡಿ ಮಗುವಿನ ಹಾಲು, ಮೊಟ್ಟೆ ಬಿಡಿಸುವುದೂ ಅನ್ಯಾಯವೇ.

ಹಾಗಾದರೆ ನಮ್ಮಲ್ಲಿ ಚಿಂತೆಯೇ ಇಲ್ಲವೆ? ಸಾವಿರಕ್ಕೆ ಒಬ್ಬ ಎಂದರೂ ಆ ಒಬ್ಬ ಯಾವುದೋ ಶಾಲೆಯ ಸಾಲಿನಲ್ಲಿ ಕುಳಿತೇ ಇರುತ್ತಾನೆ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹಕ್ಕೆ 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಿಗೆ ಬಂದ ಮೊಟ್ಟೆ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು, ಕೆಲಕಾಲ ಕಡಲೆಕಾಯಿ ಚಿಕ್ಕಿ. ಹಾಲು, ಮೊಟ್ಟೆ, ಕಡಲೆಕಾಯಿ: ಜಗತ್ತಿನಲ್ಲಿ ಮಕ್ಕಳ ಅಲರ್ಜಿಗೆ ಹೆಸರಾದ ಮೂರೂ ಇವೇ. ಅಪೌಷ್ಟಿಕತೆಯ ಮುಂದೆ ಇವುಗಳ ಅಗತ್ಯವನ್ನು ಯಾರೂ ಪ್ರಶ್ನಿಸಲಾರರು. ಅದೃಷ್ಟವೆಂದರೆ ಇಲ್ಲಿ ಅವು ಚೋಫುವಿನ ಚೀಸಿನಂತೆ ಹಿಟ್ಟಿನಲ್ಲಿ ಅಡಗಿ ಬರುವುದಿಲ್ಲ. ಅನ್ನ ಸಾಂಬಾರಿನ ಪಕ್ಕದಲ್ಲಿ ಹಾಲು ಲೋಟದಲ್ಲಿ, ಮೊಟ್ಟೆ ಇಡಿಯಾಗಿ, ಕಣ್ಣಿಗೆ ಕಾಣುವಂತೆ ಬರುತ್ತವೆ.

ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಕೇಳುವವರೆಷ್ಟು ಎಂಬ ಲೆಕ್ಕವನ್ನು ಶಿಕ್ಷಕರು ಈಗಾಗಲೇ ಇಡುತ್ತಾರೆ. ಮನೆಯ ಆಚಾರಕ್ಕಾಗಿ ಒಬ್ಬನ ತಟ್ಟೆ ಬೇರೆಯಾದರೆ ಅದು ಪಂಕ್ತಿಭೇದವಾಗುವುದಿಲ್ಲ. ಅದೇ ಪುಸ್ತಕದಲ್ಲಿ ‘ವೈದ್ಯರು ಬೇಡವೆಂದದ್ದು’ ಎಂಬ ಇನ್ನೊಂದು ಕಲಂ ಎಳೆಯಲು ಗೆರೆಪಟ್ಟಿ ಸಾಕು. ಆ ಕಲಮಿನಲ್ಲಿರುವುದು ಬಡಿಸುವ ಅಡುಗೆಯವರಿಗೂ, ರಜೆಯ ಮೇಲೆ ಹೋದ ಶಿಕ್ಷಕರ ಬದಲಿಗೆ ಬಂದವರಿಗೂ ಗೊತ್ತಿರಬೇಕು. ಹಾಲಿನ ಸೌಟು ಸಾಂಬಾರಿಗೆ ಇಳಿಯಬಾರದು.

ಪೆನ್ನಿನ ಅಡ್ರಿನಲಿನ್ ಇಲ್ಲಿನ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ವಸ್ತುವಲ್ಲ. ಆದ್ದರಿಂದ ತೀವ್ರ ಅಲರ್ಜಿಯ ಮಗು ಇರುವ ಶಾಲೆ ಮೊದಲೇ ತಿಳಿದಿರಬೇಕಾದದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಗಲೆಲ್ಲ ಸಿಗುತ್ತದೆ, ಅಲ್ಲಿಗೆ ಹೋಗಲು ವಾಹನ ಯಾರದು ಎಂಬುದನ್ನು. ತಿಂದ ಸ್ವಲ್ಪ ಹೊತ್ತಿಗೆ ಗಂಧೆ ಎದ್ದು, ಜೊತೆಗೆ ಉಸಿರು ಸುಯ್ಗುಟ್ಟಿದರೆ, ದನಿ ಬದಲಾದರೆ, ತಲೆ ಸುತ್ತಿದರೆ ಕಾದು ನೋಡುವ ಹಾಗಿಲ್ಲ. 108ಕ್ಕೆ ಕರೆ ಹೋಗಬೇಕು. ಮಗುವನ್ನು ಮಲಗಿಸಿ ಕಾಲು ಮೇಲಿರುವಂತೆ ಮಾಡಬೇಕು. ಉಸಿರಾಟ ಕಷ್ಟವಾದರೆ ಕೂರಿಸಬಹುದು. ಎಬ್ಬಿಸಿ ನಡೆಸಬಾರದು. ಒಂಟಿಯಾಗಿ ಮನೆಗಂತೂ ಕಳುಹಿಸಲೇಬಾರದು.