ಹಿತ್ತಲ ಕೋಳಿಯೂ ನೆರೆಮನೆಯ ಸ್ನೇಹವೂ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)

ತನ್ನ ಹುಂಜ ಕೂಗಿದರೆ ಮಾತ್ರ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆಯನ್ನು ನೀವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೀರಿ. ಊರವರ ಮೇಲೆ ಮುನಿದು ಆಕೆ ಹುಂಜವನ್ನು ಎತ್ತಿಕೊಂಡು ಕಾಡಿಗೆ ಹೋದಳು. ಊರಿಗೆ ಎಂದಿನಂತೆಯೇ ಬೆಳಗಾಯಿತು. ಇದನ್ನು ಜಂಬದ ಕಥೆಯೆಂದು ನಾವು ನಗುತ್ತೇವೆ. ಆದರೆ ಅದರಲ್ಲಿ ಇನ್ನೊಂದು ಮಾತೂ ಅಡಗಿದೆ. ಕೋಳಿ ಒಬ್ಬರ ಮನೆಯದಾದರೂ ಅದರ ಕೂಗು ಇಡೀ ಕೇರಿಗೆ ಕೇಳಿಸುತ್ತದೆ. ಅದು ಮೇಯುವುದು ನಾಲ್ಕು ಮನೆಗಳ ಹಿತ್ತಲಲ್ಲಿ. ಅದಕ್ಕೆ ತಗುಲಿದ ರೋಗವೂ ನಾಲ್ಕು ಮನೆಗಳಿಗೆ ಹರಡುತ್ತದೆ. ಆದುದರಿಂದ ಕೋಳಿ ಸಾಕಣೆಯ ವಿಚಾರವನ್ನು ಮಾತನಾಡುವಾಗ ನೆರೆಹೊರೆಯ ವಿಚಾರವನ್ನೂ, ಗಂಡಹೆಂಡಿರ ಹೊಂದಾಣಿಕೆಯ ವಿಚಾರವನ್ನೂ ಮಾತನಾಡದೆ ಇರುವಂತಿಲ್ಲ.

ಕೋಳಿ ಯಾರದು?

ನಮ್ಮ ಹಳ್ಳಿಗಳಲ್ಲಿ ಹೊಲ, ದನ, ಗಾಡಿ ಇವು ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿರುತ್ತವೆ. ಕೋಳಿಯಾದರೋ ಹೆಣ್ಣುಮಗಳ ಸೊತ್ತು. ಮುಂಜಾನೆ ಮಂಕರಿ ಎತ್ತಿ ಕೋಳಿಗಳನ್ನು ಬಿಡುವವಳು ಅವಳು. ನುಚ್ಚು ಚೆಲ್ಲುವವಳು ಅವಳು. ಹೇಂಟೆಯನ್ನು ಕಾವಿಗೆ ಕೂರಿಸಿ ಇಪ್ಪತ್ತೊಂದು ದಿನ ಎಣಿಸುವವಳು ಅವಳು. ಹದ್ದು ಎರಗಿದಾಗ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಓಡುವವಳೂ ಅವಳೇ. ಸಂತೆಯಲ್ಲಿ ಹುಂಜ ಮಾರಿ ಬಂದ ಹಣ ಮಗುವಿನ ಔಷಧಿಗೋ, ಪಾಟಿಚೀಲಕ್ಕೋ, ತವರಿಗೆ ಹೋಗುವ ಬಸ್ಸಿನ ಖರ್ಚಿಗೋ ಒದಗುತ್ತದೆ. ಯಾರ ಮುಂದೆಯೂ ಕೈಯೊಡ್ಡದೆ ಅವಳು ಖರ್ಚು ಮಾಡಬಹುದಾದ ಹಣ ಅದೊಂದೇ ಆಗಿರುವ ಮನೆಗಳು ಎಷ್ಟೋ ಇವೆ.

ಹೀಗಿರುವಾಗ ಸಂಜೆ ಗೆಳೆಯರೊಡನೆ ಬಂದ ಯಜಮಾನನು, ಮೊಟ್ಟೆಯಿಡುತ್ತಿರುವ ಹೇಂಟೆಯನ್ನೇ ಹಿಡಿದು ಕುಯ್ಯಿಸಿದರೆ ಆ ತಾಯಿಯ ಮನಸ್ಸಿಗೆ ಏನಾಗಬಹುದು? ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೆ ಎಂಬ ಗಾದೆ ನಮ್ಮಲ್ಲಿದೆ. ಕೋಳಿಯನ್ನು ಕೇಳಬೇಕಾಗಿಲ್ಲ, ಆದರೆ ಕೋಳಿ ಸಾಕಿದವಳನ್ನು ಕೇಳಲೇಬೇಕು. ಯಾವ ಕೋಳಿಯನ್ನು ಉಳಿಸಬೇಕು, ಯಾವುದನ್ನು ಮಾರಬೇಕು, ಎಷ್ಟು ಮೊಟ್ಟೆ ಮನೆಗೆ, ಎಷ್ಟು ಕಾವಿಗೆ ಎಂಬುದನ್ನು ಗಂಡಹೆಂಡಿರು ಕುಳಿತು ನಿರ್ಧರಿಸುವುದು ಲೇಸು. ಸಣ್ಣ ವಿಷಯದಲ್ಲಿ ಕೂಡಿ ನಿರ್ಧರಿಸುವ ಅಭ್ಯಾಸವಾದರೆ ದೊಡ್ಡ ವಿಷಯಗಳಲ್ಲಿಯೂ ಆ ಅಭ್ಯಾಸ ಕೈ ಹಿಡಿಯುತ್ತದೆ.

ಮೊಟ್ಟೆಯ ಲೆಕ್ಕ

ಒಂದು ನಾಟಿ ಹೇಂಟೆ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಗಳನ್ನು ಇಡುತ್ತದೆ. ಐದು ಹೇಂಟೆಗಳಿರುವ ಮನೆಯಲ್ಲಿ, ಹೇಂಟೆಗೆ 55ರಂತೆ ಹಿಡಿದರೆ, ವರ್ಷಕ್ಕೆ 275 ಮೊಟ್ಟೆಗಳು ದೊರೆಯುತ್ತವೆ. ಪ್ರತಿ ಹೇಂಟೆಗೂ ಒಂದು ಸಲ ಹತ್ತು ಮೊಟ್ಟೆಗಳಂತೆ ಕಾವಿಗೆ ಇಟ್ಟರೆ 50 ಕಳೆದು 225 ಉಳಿಯುತ್ತವೆ. ಮನೆಯ ಗರ್ಭಿಣಿ ಅಥವಾ ಬಾಣಂತಿಗೆ ವಾರಕ್ಕೆ ಎರಡು, ಚಿಕ್ಕ ಮಗುವಿಗೆ ವಾರಕ್ಕೆ ಎರಡು ಕೊಟ್ಟರೆ ವರ್ಷಕ್ಕೆ 208 ಆಗುತ್ತವೆ. ಇನ್ನೂ 17 ಮೊಟ್ಟೆಗಳು ಉಳಿಯುತ್ತವೆ. ಕಾವಿಗಿಟ್ಟ 50ರಲ್ಲಿ ಅರ್ಧದಷ್ಟು ಮರಿಗಳು ಬೆಳೆದು ನಿಂತರೂ 25 ಕೋಳಿಗಳಾದವು. ಅವುಗಳಲ್ಲಿ ಹುಂಜಗಳನ್ನು ಮಾರಿ ಹಣ ಪಡೆಯಬಹುದು. ಒಳ್ಳೆಯ ಯಾಟೆಗಳನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು.

ಈ ಲೆಕ್ಕವನ್ನು ಏಕೆ ಹೇಳಬೇಕಾಯಿತೆಂದರೆ, ಅನೇಕ ಮನೆಗಳಲ್ಲಿ ಮೊಟ್ಟೆಗಳೆಲ್ಲ ಅಂಗಡಿಗೆ ಹೋಗುತ್ತವೆ. ಆ ಹಣದಲ್ಲಿ ಬಿಸ್ಕತ್ತಿನ ಪೊಟ್ಟಣ ಮನೆಗೆ ಬರುತ್ತದೆ. ಇದು ಲಾಭವಲ್ಲ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ. ಎ, ಡಿ ಮತ್ತು ಬಿ12 ಜೀವಸತ್ವಗಳಿವೆ. ಬಿಸ್ಕತ್ತಿನಲ್ಲಿರುವುದು ಹೆಚ್ಚಾಗಿ ಮೈದಾ ಮತ್ತು ಸಕ್ಕರೆ. ಮಾರುವುದಾದರೆ ಹುಂಜವನ್ನು ಮಾರಿರಿ; ಮೊಟ್ಟೆಯನ್ನು ಮನೆಯಲ್ಲಿ ಉಳಿಸಿರಿ.

ಮೊಟ್ಟೆ ಉಷ್ಣ, ಬಸುರಿಗೆ ಕೊಡಬಾರದು ಎಂಬ ಮಾತು ಕೆಲವೆಡೆ ಇದೆ. ಇದಕ್ಕೆ ಆಧಾರವಿಲ್ಲ. ಗರ್ಭಿಣಿಯೂ ಬಾಣಂತಿಯೂ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ತಿನ್ನಬಹುದು, ತಿನ್ನುವುದು ಒಳ್ಳೆಯದು. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯ ಬಿಸಿಯೂಟದ ಜೊತೆಗೆ ಮೊಟ್ಟೆಯನ್ನು ಸೇರಿಸಿದ್ದು ಈ ಕಾರಣದಿಂದಲೇ. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ ಸಾಕು. ಅನಂತರ ಮೆತ್ತಗಿನ ಅನ್ನ, ಬೇಳೆ, ಸೊಪ್ಪುಗಳೊಡನೆ ಬೇಯಿಸಿ ಮಸೆದ ಮೊಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಬಹುದು. ಮೊದಲ ಸಲ ಕೊಟ್ಟಾಗ ಮೈಯಲ್ಲಿ ದದ್ದು ಎದ್ದರೆ ಅಥವಾ ವಾಂತಿಯಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ಹಸಿಮೊಟ್ಟೆ ಕುಡಿದರೆ ಬಲ ಬರುತ್ತದೆ ಎಂದು ಯುವಕರು ನಂಬುತ್ತಾರೆ. ಹಸಿಮೊಟ್ಟೆಗಿಂತ ಬೆಂದ ಮೊಟ್ಟೆಯೇ ದೇಹಕ್ಕೆ ಚೆನ್ನಾಗಿ ಅರಗುತ್ತದೆ. ಹಸಿಮೊಟ್ಟೆಯಿಂದ ವಾಂತಿಭೇದಿಯ ರೋಗಾಣುಗಳು ಹೊಟ್ಟೆ ಸೇರುವ ಭಯವೂ ಇದೆ. ಮೊಟ್ಟೆ ತಾಜಾ ಇದೆಯೇ ಎಂಬ ಸಂಶಯ ಬಂದರೆ ನೀರಿನ ಪಾತ್ರೆಯಲ್ಲಿ ಬಿಡಿರಿ. ತಳದಲ್ಲಿ ಮಲಗಿದರೆ ಹೊಸದು, ತೇಲಿದರೆ ಹಳೆಯದು. ಮೊಟ್ಟೆ ಹಳೆಯದಾದಂತೆ ಅದರೊಳಗಿನ ಗಾಳಿಯ ಅರೆ ದೊಡ್ಡದಾಗುವುದೇ ಇದಕ್ಕೆ ಕಾರಣ.

ಮೊಟ್ಟೆ ತಿನ್ನದ ಸಂಸಾರಗಳೂ ನಮ್ಮ ನಡುವೆ ಇವೆ. ಅವರು ಕಾಳು, ಬೇಳೆ, ಹಾಲು, ಕಡಲೆಕಾಯಿ, ಸೊಪ್ಪುಗಳಿಂದ ತಾಯಿಮಕ್ಕಳ ಪೋಷಣೆಯನ್ನು ನೋಡಿಕೊಳ್ಳಲಿ. ಒಬ್ಬರ ಊಟವನ್ನು ಮತ್ತೊಬ್ಬರು ಹಳಿಯುವುದು ಬೇಡ.

ಗೂಡು ಎಲ್ಲಿರಬೇಕು?

ಕಳ್ಳರ ಮತ್ತು ಕಾಡುಬೆಕ್ಕಿನ ಭಯದಿಂದ ರಾತ್ರಿ ಕೋಳಿಗಳನ್ನು ಮಲಗುವ ಮನೆಯಲ್ಲಿಯೇ ಮಂಕರಿ ಕವುಚಿ ಇಡುವ ಪದ್ಧತಿ ಇದೆ. ಅಂಬೆಗಾಲಿಡುವ ಕೂಸು ಅದೇ ನೆಲದಲ್ಲಿ ಆಡುತ್ತದೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಇಡುತ್ತದೆ. ಕೋಳಿಯ ಹಿಕ್ಕೆಯಲ್ಲಿ ಭೇದಿ ಉಂಟುಮಾಡುವ ರೋಗಾಣುಗಳು ಇರುತ್ತವೆ. ಪದೇ ಪದೇ ಭೇದಿಯಾಗುವ ಮಗು ತಿಂದ ಆಹಾರದ ಫಲವನ್ನು ಪಡೆಯಲಾರದು. ಒಂದು ಕೈಯಿಂದ ಮೊಟ್ಟೆ ತಿನ್ನಿಸಿ ಮತ್ತೊಂದು ಕೈಯಿಂದ ಅದನ್ನು ಕಸಿದುಕೊಂಡಂತೆ ಇದು.

ಆದುದರಿಂದ ಹಿತ್ತಲಲ್ಲಿ ನೆಲದಿಂದ ಮೊಳದೆತ್ತರಕ್ಕೆ ಬಿದಿರಿನ ಅಥವಾ ಮರದ ಹಲಗೆಯ ಒಂದು ಗೂಡನ್ನು ಕಟ್ಟಿರಿ. ಬಾಗಿಲಿಗೆ ಭದ್ರವಾದ ಅಗುಳಿ ಇರಲಿ. ಇದು ಯಜಮಾನರು ಒಂದು ಬಿಡುವಿನ ದಿನ ಮಾಡಬಹುದಾದ ಕೆಲಸ. ಗೂಡನ್ನು ನಿತ್ಯ ಗುಡಿಸಿ, ಆಗಾಗ ಸುಣ್ಣ ಬಳಿಯುತ್ತಿದ್ದರೆ ಹೇನು, ಉಣ್ಣೆಗಳ ಕಾಟ ತಗ್ಗುತ್ತದೆ. ಮೂಲೆಯಲ್ಲಿ ಒಲೆಯ ಬೂದಿಯನ್ನು ಹರಡಿಟ್ಟರೆ ಕೋಳಿಗಳು ಅದರಲ್ಲಿ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತವೆ. ಕೂಸು ಆಡುವ ಜಾಗಕ್ಕೂ ಅಡಿಗೆಮನೆಗೂ ಕೋಳಿ ಬರದಂತೆ ತಡಿಕೆ ಇರಲಿ. ಕುಡಿಯುವ ನೀರಿನ ಬಿಂದಿಗೆಗೆ ಮುಚ್ಚಳವಿರಲಿ. ಕೋಳಿ ಮುಟ್ಟಿದ ಮೇಲೆ, ಗೂಡು ಗುಡಿಸಿದ ಮೇಲೆ, ಅಡಿಗೆಗೆ ಮತ್ತು ಮಗುವಿಗೆ ಉಣಿಸುವುದಕ್ಕೆ ಮೊದಲು ಸೋಪಿನಿಂದ ಕೈ ತೊಳೆಯತಕ್ಕದ್ದು. ಹಿಕ್ಕೆಯನ್ನು ತಿಪ್ಪೆಗೆ ಹಾಕಿ ಕೊಳೆಸಿದ ಮೇಲೆ ಗಿಡಗಳಿಗೆ ಹಾಕಿರಿ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ.

ನೆರೆಮನೆಯ ಜಗಳ

ಹಳ್ಳಿಯ ಎಷ್ಟೋ ವೈರಗಳು ಕೋಳಿಯಿಂದ ಹುಟ್ಟಿದಂಥವು. ಒಬ್ಬಾಕೆ ಅಂಗಳದಲ್ಲಿ ಸಂಡಿಗೆ ಹರಡಿರುತ್ತಾಳೆ. ಪಕ್ಕದ ಮನೆಯ ಹೇಂಟೆ ಮರಿಗಳ ಸಂಸಾರವನ್ನೇ ಕರೆತಂದು ಕೆದಕುತ್ತದೆ. ಮತ್ತೊಬ್ಬಾಕೆಯ ಹೇಂಟೆ ನೆರೆಯವರ ಹುಲ್ಲಿನ ಬಣವೆಯಲ್ಲಿ ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಯಾರದು? ಒಂದು ಯಾಟೆ ಸಂಜೆ ಮನೆಗೆ ಬಾರದಿದ್ದರೆ ಬೀದಿಯಲ್ಲಿ ನಿಂತು ಹಿಡಿಶಾಪ ಹಾಕುವುದು, ಕೇಳಿಸಿಕೊಂಡವರು ಅದು ತಮಗೇ ಎಂದು ತಿಳಿಯುವುದು, ಅಲ್ಲಿಂದ ಮಾತು ಬೆಳೆಯುವುದು. ಕೊನೆಗೆ ಬಾವಿಕಟ್ಟೆಯಲ್ಲಿಯೂ ಮಾತಿಲ್ಲ, ಬಾಣಂತನಕ್ಕೂ ಬರುವುದಿಲ್ಲ. ಕಳೆದುಹೋದ ಯಾಟೆಯನ್ನು ಸಂತೆಯಲ್ಲಿ ಕೊಳ್ಳಬಹುದು. ನಡುರಾತ್ರಿ ಹೆರಿಗೆಯ ನೋವು ಬಂದಾಗ ಲಾಂದ್ರ ಹಿಡಿದು ಓಡಿಬರುವ ನೆರೆಯವಳನ್ನು ಯಾವ ಸಂತೆಯಲ್ಲಿ ಕೊಳ್ಳೋಣ?

ಇಂತಹ ಜಗಳಗಳಲ್ಲಿ ಬಹುಪಾಲು ಸ್ವಲ್ಪ ಎಚ್ಚರಿಕೆಯಿಂದ ತಪ್ಪುತ್ತವೆ. ಮೊಟ್ಟೆಯಿಡುವ ಹೇಂಟೆಗಳನ್ನು ಹೊತ್ತೇರುವವರೆಗೆ ಗೂಡಿನಲ್ಲಿಯೇ ಇರಿಸಿರಿ. ಹೆಚ್ಚಿನವು ಅಷ್ಟರೊಳಗೆ ಮೊಟ್ಟೆಯಿಟ್ಟಿರುತ್ತವೆ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಗುರುತಿನ ಮೊಟ್ಟೆಯೊಂದನ್ನು ಬಿಟ್ಟರೆ ಹೇಂಟೆ ಅಲ್ಲಿಗೇ ಮರಳುತ್ತದೆ. ಪ್ರತಿದಿನ ಸಂಜೆ ಒಂದೇ ವೇಳೆಗೆ ಒಂದು ಹಿಡಿ ಕಾಳು ಚೆಲ್ಲಿದರೆ ಕೋಳಿಗಳು ತಾವಾಗಿಯೇ ಮನೆ ಸೇರುತ್ತವೆ. ಕಾಲಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ಯಾವ ಮನೆಗೆ ಯಾವ ಬಣ್ಣ ಎಂದು ಕೇರಿಯವರು ಗೊತ್ತು ಮಾಡಿಕೊಳ್ಳಲಿ. ಸಸಿಮಡಿ ಹಾಕಿದಾಗಲೂ ಕಾಳು ಒಣಹಾಕಿದಾಗಲೂ ನೆರೆಯವರಿಗೆ ಮುಂಚೆಯೇ ತಿಳಿಸಿದರೆ ಆ ದಿನಗಳಲ್ಲಿ ಅವರು ಕೋಳಿಗಳನ್ನು ಕೂಡಿಹಾಕುತ್ತಾರೆ. ಹಾಳಾದದ್ದಕ್ಕೆ ನಾಲ್ಕು ಮೊಟ್ಟೆ ಕೊಟ್ಟು ಸಮಾಧಾನದ ಮಾತನಾಡಿದರೆ ಮಾನವೇನೂ ಕಡಿಮೆಯಾಗುವುದಿಲ್ಲ.

ನಮ್ಮ ಹಿರಿಯರು ಕೋಳಿಯ ಮೂಲಕ ಸ್ನೇಹವನ್ನೂ ಬೆಳೆಸಿದ್ದರು. ಕೋಳಿಯಿಲ್ಲದ ಮನೆಗೆ ಒಂದು ಹೇಂಟೆಯನ್ನು ಪಾಲಿಗೆ ಕೊಡುವುದು, ಹುಟ್ಟಿದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುವುದು ಇಂದಿಗೂ ಹಲವೆಡೆ ಉಂಟು. 1989ರಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಹೊರಬಂದ ಗಿರಿರಾಜ ತಳಿಯ ಕೋಳಿ ನಾಟಿಗಿಂತ ಹೆಚ್ಚು ಮೊಟ್ಟೆಯಿಡುತ್ತದೆ, ಬೇಗ ತೂಕ ಬರುತ್ತದೆ. ಆದರೆ ಕಾವಿಗೆ ಕೂರುವುದರಲ್ಲಿ ನಾಟಿ ಹೇಂಟೆಯೇ ಮೇಲು. ಒಬ್ಬರ ಮನೆಯ ಮೊಟ್ಟೆಗೆ ಇನ್ನೊಬ್ಬರ ಮನೆಯ ಕಾವು ಸೇರಿದರೆ ಇಬ್ಬರಿಗೂ ಲಾಭ.

ಕೊಕ್ಕರೆ ರೋಗ ಬಂದಾಗ

ನೆರೆಯವರ ಸಹಕಾರ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಇಲ್ಲಿ. ನಮ್ಮವರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗ ಬಂದರೆ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ, ಹಸಿರು ಬಣ್ಣದ ಹಿಕ್ಕೆ ಹಾಕುತ್ತವೆ, ಕೆಲವು ಕತ್ತು ತಿರುಚಿಕೊಂಡು ಬೀಳುತ್ತವೆ. ಕೆಲವೇ ದಿನಗಳಲ್ಲಿ ಕೇರಿಯ ಗೂಡುಗಳೆಲ್ಲ ಬರಿದಾಗಬಹುದು. ಇದನ್ನು ಗುಣಪಡಿಸುವ ಔಷಧವಿಲ್ಲ. ತಡೆಯುವ ಲಸಿಕೆ ಮಾತ್ರ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕಿಸಬೇಕು. ಸುಮಾರು ಎಂಟು ವಾರದ ವಯಸ್ಸಿನಲ್ಲಿ ಚುಚ್ಚುಮದ್ದು ಹಾಕಿಸಬೇಕು.

ಇಲ್ಲೊಂದು ತೊಡಕಿದೆ. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗೆ ಆಗುವಷ್ಟು ಮದ್ದು ಇರುತ್ತದೆ. ಒಮ್ಮೆ ಕಲಸಿದ ಮೇಲೆ ಅದನ್ನು ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಐದು ಕೋಳಿ ಸಾಕಿದವರು ಒಬ್ಬರೇ ಹೋಗಿ ಕೇಳಿದರೆ ಉಳಿದ ಮದ್ದು ವ್ಯರ್ಥ. ಇಪ್ಪತ್ತು ಮನೆಯವರು ಕೂಡಿ ಒಂದು ದಿನವನ್ನು ಗೊತ್ತುಮಾಡಿ ಪಶು ಆಸ್ಪತ್ರೆಗೆ ತಿಳಿಸಿದರೆ ಒಂದೇ ಬೆಳಗಿನಲ್ಲಿ ಕೇರಿಯ ಕೋಳಿಗಳಿಗೆಲ್ಲ ಲಸಿಕೆಯಾಗುತ್ತದೆ. ಕೋಳಿಗಳು ಗೂಡಿನಿಂದ ಹೊರಬೀಳುವ ಮೊದಲೇ ಈ ಕೆಲಸ ನಡೆಯಬೇಕು.

ರೋಗ ಕಾಣಿಸಿದ ಕೂಡಲೇ, ಹೋದಷ್ಟಕ್ಕೆ ಹೋಗಲಿ ಎಂದು ಕೋಳಿಗಳನ್ನು ಸಂತೆಗೆ ಒಯ್ಯುವುದು ಅನ್ಯಾಯ. ಅದು ಇನ್ನೊಂದು ಊರಿನ ಬಡವಳ ಗೂಡಿಗೆ ಬೆಂಕಿಯಿಟ್ಟಂತೆ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ನಾಚಿಕೆಪಡದೆ ನೆರೆಯವರಿಗೆ ತಿಳಿಸಿರಿ, ಅವರು ತಮ್ಮ ಕೋಳಿಗಳನ್ನು ಕೂಡಿಹಾಕಲಿ.

ಕೋಳಿಗಳು ಒಮ್ಮೆಲೇ ಗುಂಪಾಗಿ ಸತ್ತರೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿಯೂ 2012ರಲ್ಲಿ ನಮ್ಮ ಹೆಸರಘಟ್ಟದಲ್ಲಿಯೂ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅದು ಅಪರೂಪವಾಗಿ ಮನುಷ್ಯರಿಗೂ ತಗುಲುತ್ತದೆ. ಅಂತಹ ಕೋಳಿಗಳನ್ನು ಬರಿಗೈಯಿಂದ ಮುಟ್ಟಬಾರದು, ಕುಯ್ಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಒಡನೆಯೇ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಕೋಳಿ ಸತ್ತ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ವೈದ್ಯರಿಗೆ ಆ ಸಂಗತಿಯನ್ನೂ ಹೇಳತಕ್ಕದ್ದು.

ಕೊನೆಯ ಮಾತು

ಸೋದರ ಸೋದರಿಯರೇ, ಇಲ್ಲಿ ಹೇಳಿದ ಯಾವ ಕೆಲಸಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಈ ದಿನ ಮನೆಗೆ ಹೋದ ಮೇಲೆ ಗಂಡಹೆಂಡಿರು ಕುಳಿತು ನಿಮ್ಮ ಮೊಟ್ಟೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿರಿ. ಈ ವಾರದಲ್ಲಿ ಗೂಡನ್ನು ಮಲಗುವ ಮನೆಯಿಂದ ಹಿತ್ತಲಿಗೆ ಸಾಗಿಸಿರಿ. ಈ ತಿಂಗಳಲ್ಲಿ ಕೇರಿಯವರೆಲ್ಲ ಕೂಡಿ ಲಸಿಕೆಯ ದಿನವನ್ನು ಗೊತ್ತುಮಾಡಿರಿ. ಮಾತು ಬಿಟ್ಟ ನೆರೆಯವರು ಯಾರಾದರೂ ಇದ್ದರೆ, ಅವರ ಮನೆಗೆ ಮೊದಲು ಹೋಗಿ ಈ ವಿಷಯವನ್ನು ತಿಳಿಸಿರಿ. ಲಸಿಕೆಯ ನೆಪದಿಂದಲಾದರೂ ಬಾಗಿಲು ತೆರೆಯಲಿ.